ಮನಸ್ಸೆಯ ಪ್ಯಾನೆಲ್‌ನ ಇನ್ನೊಂದು ತುದಿ

…ಅಥವಾ ಎಡತುದಿ ಹಿಡಿದಿದ್ದವರು ಈರಣ್ಣನವರು ಅಲ್ಲವೇ ಅಲ್ಲವೇನೋ. ಬಸಣ್ಣ ಬಲಕ್ಕೆ, ಅವರ ಅಣ್ಣ ಈರಣ್ಣ ಎಡಕ್ಕೆ, ನಡುವೆ ವಸ್ತುಪ್ರದರ್ಶನದ ಬರಹವಿರುವ ಆಳೆತ್ತರದ ಪ್ಯಾನೆಲ್ ಎಂದು ಕಣ್ಣ ಮುಂದೆ ಚಿತ್ರವಿದೆ. ತೊಂದರೆ ಏನೆಂದರೆ ಆ ಚಿತ್ರದಲ್ಲಿ ನಾನೂ ಕಾಣುತ್ತೇನೆ, ಕೈಯಲ್ಲಿ ಕಾಗದದ ಚೀಲ ಹಿಡಿದು ಬಾಗಿಲಲ್ಲಿ ನಿಂತಂತೆ. ನನ್ನ ಬೆನ್ನು ನನಗೆ ಹೇಗೆ ಕಂಡಿತು? ಇದು ಆಮೇಲೆ ಯಾರೋ ಬರೆದು ಸೇರಿಸಿದ ಚಿತ್ರ. ಆ ಯಾರೋ ನಾನೇ ಇರಬೇಕು, ಬೇರೆ ಯಾರಿಗೂ ಅಷ್ಟು ಬಿಡುವಿಲ್ಲ.

ವಸ್ತುಪ್ರದರ್ಶನಗಳಲ್ಲಿ ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ನಾಲ್ಕಾರು ಸಾಲಿನ ಬರಹ ಇರುತ್ತದಲ್ಲ, ಅದನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿಕೊಂಡಿದ್ದವಳು, ಯಜಮಾನರ ಕೆಲಸ ಡಲ್ಲಾಸಿಗೆ ಶಿಫ್ಟ್ ಆದಾಗ ಇಲ್ಲಿ ಬಂದು ಪಕ್ಕದ ಇರ್ವಿಂಗ್‌ನ ಒಂದು ವರ್ಕ್‌ಶಾಪ್ ಸೇರಿದೆ. ಈಗ ನಿವೃತ್ತಿಯಾಗಿ ಹತ್ತಿರದ ಅಲೆನ್‌ನಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರು ಆಗಾಗ ಫೋನ್ ಮಾಡಿ, "ಆಂಟಿ, ಹೇಗೆ ಬರೀಬೇಕು ಹೇಳಿ" ಎನ್ನುತ್ತಾರೆ. ಹೇಗೆ ಬರೆಯಬೇಕೆಂದು ನನಗೆ ಗೊತ್ತಿಲ್ಲ. ಹೇಗೆ ಬರೆದೆವು ಎಂಬುದು ಸ್ವಲ್ಪ ನೆನಪಿದೆ, ಅದರಲ್ಲಿ ಎಷ್ಟು ನಿಜವೋ.

ವರ್ಕ್‌ಶಾಪಿನ ಮಾಲೀಕರು ಬಸವರಾಜ್, ಎಲ್ಲರಿಗೂ ಬಸಣ್ಣ. ಹುಬ್ಬಳ್ಳಿಯವರು. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ದನಿಯಲ್ಲಿ ನಾಲ್ಕು ಪಟ್ಟು ದೊಡ್ಡವರು. ಪ್ಯಾನೆಲ್ ಕೊರೆಯುವುದು, ಪ್ರಿಂಟ್ ಹಾಕುವುದು, ಟ್ರಕ್ಕಿನಲ್ಲಿ ಸಾಗಿಸಿ ಊರೂರಿನಲ್ಲಿ ನಿಲ್ಲಿಸುವುದು ಅವರ ವ್ಯಾಪಾರ. ಬರಹ ಎಷ್ಟು ಉದ್ದ ಇರಬೇಕು ಎನ್ನುವುದಕ್ಕೆ ಅವರದೇ ಒಂದು ಪರೀಕ್ಷೆ ಇತ್ತು. ನಾನು ಗಟ್ಟಿಯಾಗಿ ಓದಬೇಕು, ಅವರು ಒಂಟಿ ಕಾಲಿನ ಮೇಲೆ ನಿಲ್ಲುತ್ತಾರೆ. ಕಾಲು ಕೆಳಗೆ ಬರುವುದರೊಳಗೆ ಬರಹ ಮುಗಿಯಬೇಕು.

"ನೋಡ್ರಿ ಮೇಡಂ, ಗಿರಾಕಿ ಕೂತು ಓದೂದಿಲ್ಲ. ಒಂದ ಕೈಯಾಗ ಕೂಸು, ಇನ್ನೊಂದ ಕೈಯಾಗ ಫೋನು. ಒಂಟಿ ಕಾಲ್ಮ್ಯಾಲೆ ನಿಂತಂಗನ ಅಂವ."

ಕುದುರೆ ಜೀನುಗಳ ಪ್ರದರ್ಶನವೊಂದಕ್ಕೆ ನಾನು ಬರೆದ ಮೊದಲ ಲೇಬಲ್ ಓದುತ್ತಿದ್ದಾಗ ಬಸಣ್ಣ ಎರಡನೇ ಪ್ಯಾರಾಕ್ಕೆ ತೂರಾಡಿ, ಬಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟರು. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಆ ದಿನವಿಡೀ ಅವರು ಹಳದಿ ಪ್ಯಾಂಟಿನಲ್ಲೇ ಓಡಾಡಿದರು. ನನ್ನ ಬರಹ ಚಿಕ್ಕದಾಯಿತು. ಬರವಣಿಗೆಯ ಬಗ್ಗೆ ಯಾವ ಮೇಷ್ಟರೂ ನನಗೆ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ವರ್ಕ್‌ಶಾಪಿನ ಹೆಸರಿನ ಕೊನೆಗೆ 'ಬ್ರದರ್ಸ್' ಎಂದಿತ್ತು. ಹೊಸಬರು ಸೇರಿದಾಗ, ಇನ್ನೊಬ್ಬ ಬ್ರದರ್ ಯಾರು ಎಂದು ಕೇಳುವುದು ಸಹಜ. ಕೇಳಿದ ಕೂಡಲೇ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತಿತ್ತು. ನನಗೆ ವಿಷಯ ತಿಳಿದದ್ದು ಬಸಣ್ಣನ ಬಾಯಿಂದಲೇ, ಅದೂ ಅವರಿಗೆ ಜ್ವರ ಬಂದಿದ್ದಾಗ. ಅಣ್ಣ ಈರಣ್ಣ, ತಮ್ಮ ಬಸಣ್ಣ ಇಬ್ಬರೂ ಸೇರಿ ಕಟ್ಟಿದ ವ್ಯಾಪಾರವಂತೆ. ಒಂದು ದೀಪಾವಳಿಯ ದಿನ ಬಸಣ್ಣ ದೇವಸ್ಥಾನಕ್ಕೆ ಹೋಗಿದ್ದಾಗ, ಅಣ್ಣ ದೊಡ್ಡ ಪ್ರಿಂಟರ್ ಮಷೀನನ್ನು ಬಾಡಿಗೆ ಟ್ರಕ್ಕಿಗೆ ಏರಿಸಿಕೊಂಡು ಹೂಸ್ಟನ್‌ಗೆ ಹೋಗಿಬಿಟ್ಟರಂತೆ. ಅಲ್ಲಿ ಸ್ವಂತ ಅಂಗಡಿ. ಅಂದಿನಿಂದ ಮಾತಿಲ್ಲ.

"ನಾ ಪ್ರಸಾದ ಹಿಡಕೊಂಡು ಬರ್ತೀನಿ, ಮಷೀನ್ ಇದ್ದ ಜಾಗಾದಾಗ ನಾಕ್ ಬೋಲ್ಟ್ ಅಷ್ಟ ಬಿದ್ದಾವ್ರಿ" ಎಂದರು ಬಸಣ್ಣ. ಆ ಬೋಲ್ಟುಗಳನ್ನು ಅವರು ತೆಗೆಸಿರಲಿಲ್ಲ. ನೆಲ ಒರೆಸುವವರು ಸುತ್ತಲೂ ಒರೆಸುತ್ತಿದ್ದರು.

ಅದೀನಾ ನಮ್ಮ ವರ್ಕ್‌ಶಾಪಿಗೆ ಬಂದದ್ದು ಈ ಹೊತ್ತಿನಲ್ಲಿ. ಡಲ್ಲಾಸಿನ ಯಹೂದಿ ಸಮುದಾಯದ ನಿವೃತ್ತ ಶಾಲಾ ಶಿಕ್ಷಕಿ, ಗಿಡ್ಡಗಿನ ಹೆಂಗಸು, ಬಿಳಿ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಆಮೇಲೆ ಆ ಪೆನ್ಸಿಲನ್ನೇ ಹುಡುಕುವವರು. ಒಂದು ಸಣ್ಣ ಸಮಿತಿಯ ಪರವಾಗಿ ಪ್ರದರ್ಶನ ಮಾಡಿಸಬೇಕಿತ್ತು: ಪುರಾತನ ಯಹೂದಿಗಳು ಗತಿಸಿಹೋದ ತಮ್ಮ ಅರಸರನ್ನು ಧರ್ಮಗ್ರಂಥದ ಮೂಲಕ ಹೇಗೆ ನೆನಪಿಟ್ಟುಕೊಂಡರು ಎಂಬ ವಿಷಯ. ಡಲ್ಲಾಸ್, ಆಮೇಲೆ ಹೂಸ್ಟನ್, ಕೊನೆಗೆ ಆಸ್ಟಿನ್, ಮೂರೂ ಊರಿನಲ್ಲಿ.

"ವಸ್ತು ಏನೇನ್ ಅದಾವ? ಕಿರೀಟ? ಕತ್ತಿ?" ಎಂದು ಬಸಣ್ಣ ಇಂಗ್ಲಿಷಿನಲ್ಲಿ ಕೇಳಿದರು. ಅವರ ಇಂಗ್ಲಿಷೂ ಹುಬ್ಬಳ್ಳಿಯದೇ.

"ಏನೂ ಇಲ್ಲ. ಮಾತು ಮಾತ್ರ" ಎಂದರು ಅದೀನಾ.

ಬಸಣ್ಣ ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದರು. "ವಸ್ತುಪ್ರದರ್ಶನ ಅಂತಾರ, ವಸ್ತುನ ಇಲ್ಲಲ್ರಿ ಮೇಡಂ!"

ಅದೀನಾ ಕುರ್ಚಿ ಎಳೆದುಕೊಂಡು ಕೂತು ನಮಗೆ ಪಾಠ ಮಾಡಿದರು. ಆಕೆಯ ಪೂರ್ವಿಕರಿಗೆ ಅರಸರಿದ್ದರು. ನಗರ ಬಿತ್ತು, ದೇವಾಲಯ ಸುಟ್ಟಿತು, ಜನರನ್ನು ಬಾಬಿಲೋನಿಗೆ ಎಳೆದೊಯ್ದರು. ಅಲ್ಲಿಗೆ ಅರಸೊತ್ತಿಗೆ ಮುಗಿಯಿತು. ಇಲ್ಲದ ಅರಸರನ್ನು ನೆನಪಿಡುವ ಕೆಲಸ ಶುರುವಾದದ್ದು ಆಗ. ಅವರ ಗ್ರಂಥದೊಳಗೆ ಅದೇ ಅರಸರ ಕಥೆ ಎರಡು ಸಲ ಬರುತ್ತದೆ. ಹಳೆಯ ವೃತ್ತಾಂತವು ಸೋತವರ ಪ್ರಶ್ನೆ ಕೇಳುತ್ತದೆ: ಯಾಕೆ ಹೀಗಾಯಿತು? ಆದ್ದರಿಂದ ಅದು ಅರಸರ ತಪ್ಪುಗಳನ್ನು ಬಿಡದೆ ಹೇಳುತ್ತದೆ. ದಾವೀದನಂಥ ದೊಡ್ಡ ಅರಸನೂ ತನ್ನ ಸೈನಿಕನೊಬ್ಬನ ಹೆಂಡತಿಯನ್ನು ಕರೆಸಿಕೊಂಡು, ಆ ಸೈನಿಕನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ ಎಂದು ಮುಚ್ಚುಮರೆಯಿಲ್ಲದೆ ಬರೆದಿದೆ. ಎರಡನೆಯ ವೃತ್ತಾಂತ ತುಂಬ ಆಮೇಲಿನದು, ಜನ ವಾಪಸು ಬಂದು ದೇವಾಲಯವನ್ನು ಮತ್ತೆ ಕಟ್ಟಿಕೊಂಡ ಕಾಲದ್ದು. ಅದರ ಪ್ರಶ್ನೆ ಬೇರೆ: ಇನ್ನು ಹೇಗೆ ಬದುಕೋಣ? ಅದರಲ್ಲಿ ದಾವೀದ ದೇವಾಲಯಕ್ಕೆ ಸಾಮಗ್ರಿ ಒದಗಿಸಿಡುತ್ತಾನೆ, ಹಾಡುಗಾರರನ್ನು ನೇಮಿಸುತ್ತಾನೆ. ಸೈನಿಕನ ಹೆಂಡತಿಯ ಪ್ರಸಂಗವೇ ಇಲ್ಲ.

"ಮರೆತರಾ, ಮುಚ್ಚಿಟ್ಟರಾ?" ಎಂದೆ ನಾನು.

"ಎಲ್ಲರಿಗೂ ಗೊತ್ತಿರೋದನ್ನ ಯಾರು ಮುಚ್ಚಿಡೋಕೆ ಆಗತ್ತೆ? ಹಳೆಯದನ್ನ ಯಾರೂ ಎಸೀಲಿಲ್ಲವಲ್ಲ. ಎರಡನ್ನೂ ಒಂದೇ ಗ್ರಂಥದಲ್ಲಿ ಇಟ್ಟುಕೊಂಡರು. ನಿಮ್ಮ ಪ್ಯಾನೆಲ್‌ನಲ್ಲೂ ಎರಡೂ ಇರಬೇಕು, ಎಡಕ್ಕೆ ಒಂದು, ಬಲಕ್ಕೆ ಒಂದು."

ಬಸಣ್ಣನ ಒಂಟಿ ಕಾಲಿನ ಪರೀಕ್ಷೆಯನ್ನು ನಾನು ವಿವರಿಸಿದಾಗ ಅದೀನಾ ಜೋರಾಗಿ ನಕ್ಕರು. ಅವರ ಹಿಂದಿನ ಕಾಲದ ಪಂಡಿತರೊಬ್ಬರ ಹತ್ತಿರ ಯಾರೋ ಹೋಗಿ, ನಾನು ಒಂಟಿ ಕಾಲಿನಲ್ಲಿ ನಿಂತಿರುವಷ್ಟರಲ್ಲಿ ನಿಮ್ಮ ಧರ್ಮವನ್ನೆಲ್ಲ ಕಲಿಸಿ ಎಂದು ಕೇಳಿದ್ದರಂತೆ. "ನಿಮ್ಮ ಬಾಸ್ ನಮ್ಮವರೇ!" ಎಂದರು. ಇದನ್ನು ಹೇಳಿದ ಮೇಲೆ ಬಸಣ್ಣ ಒಂದು ವಾರ ಗತ್ತಿನಲ್ಲಿದ್ದರು.

ಗತ್ತು ಇಳಿದದ್ದು ಮನಸ್ಸೆಯ ಪ್ಯಾನೆಲ್ ಬರೆಯುವಾಗ. ಮನಸ್ಸೆ ಆ ಹಳೆಯ ಯೆಹೂದ ರಾಜ್ಯದ ಅರಸ, ಬಹಳ ಕಾಲ ಆಳಿದವನು. ಹಳೆಯ ವೃತ್ತಾಂತದ ಪ್ರಕಾರ ಅವನಷ್ಟು ಕೆಟ್ಟವನಿಲ್ಲ. ಪರದೇವತೆಗಳಿಗೆ ಬಲಿಪೀಠ ಕಟ್ಟಿಸಿದ, ನಿರಪರಾಧಿಗಳ ರಕ್ತ ಹರಿಸಿದ, ಮುಂದೆ ನಗರ ಬಿದ್ದದ್ದಕ್ಕೆ ಅವನ ಪಾಪವೇ ಕಾರಣ. ಸತ್ತ, ಹೂಳಿದರು, ಮುಗಿಯಿತು. ಎರಡನೆಯ ವೃತ್ತಾಂತದಲ್ಲಿ ಅದೇ ಮನಸ್ಸೆಯನ್ನು ಅಸ್ಸೀರಿಯದವರು ಸರಪಳಿ ಹಾಕಿ ಒಯ್ಯುತ್ತಾರೆ. ಸೆರೆಯಲ್ಲಿ ಅವನು ತಗ್ಗಿ ದೇವರನ್ನು ಬೇಡಿಕೊಳ್ಳುತ್ತಾನೆ. ದೇವರು ಕೇಳಿಸಿಕೊಂಡು ಅವನನ್ನು ವಾಪಸು ಊರಿಗೆ ತರುತ್ತಾನೆ. ಬಂದು ತಾನು ಕೆಡಿಸಿದ್ದನ್ನು ತಾನೇ ಸರಿಮಾಡುತ್ತಾನೆ.

ನಾನು ಎರಡನ್ನೂ ಓದಿದೆ. ಬಸಣ್ಣ ಎರಡನೆಯದರ ನಡುವೆಯೇ ಕಾಲು ಕೆಳಗಿಟ್ಟರು.

"ಇಷ್ಟು ಚಿಕ್ಕದಿದೆ, ಬಸಣ್ಣ!"

"ಉದ್ದದ ಮಾತಲ್ರಿ. ಆ ಎರಡನೇದು ತಗೀರಿ. ಅಂಥಾವ್ರು ಬದಲಾಗೂದಿಲ್ಲ. ಯಾರೋ ಅವನ ಕಡೆಯವ್ರು ಆಮ್ಯಾಲೆ ಬರದು ಸೇರಿಸ್ಯಾರ."

"ಅದೀನಾ ಎರಡೂ ಇರಲಿ ಅಂದಿದ್ದಾರಲ್ಲ."

"ಅವರಿಗೇನ್ ಗೊತ್ರಿ? ಅವರ ಮಷೀನ್ ಯಾರರ ಒಯ್ದಾರೇನು?"

ಹೇಳಿಬಿಟ್ಟ ಮೇಲೆ ಅವರಿಗೇ ಮುಜುಗರವಾಗಿ, ನೆಲದ ಬೋಲ್ಟುಗಳ ಸುತ್ತ ಬಳಸಿಕೊಂಡು ಹೊರಗೆ ಹೋದರು. ಎರಡನೆಯ ವೃತ್ತಾಂತ ಉಳಿಯಿತು. ಪ್ರಿಂಟ್ ಆಗಿ ಬಂದಾಗ ಅದರ ಅಕ್ಷರಗಳು ಮೊದಲನೆಯದಕ್ಕಿಂತ ತುಸು ಚಿಕ್ಕವಿದ್ದವೇ? ನಾನು ಅಳತೆ ಮಾಡಲಿಲ್ಲ.

ಡಲ್ಲಾಸಿನ ಉದ್ಘಾಟನೆಯ ದಿನ ನಡೆದದ್ದನ್ನು ಹೇಳಬೇಕು, ಇದಕ್ಕೆ ಸಾಕ್ಷಿಗಳು ಬಹಳ ಇದ್ದಾರೆ. ಪುರಾತನ ಕಾಲದಲ್ಲಿ ಸಭೆಯಲ್ಲಿ ಗ್ರಂಥ ಓದುವಾಗ ಒಬ್ಬರು ಹೀಬ್ರೂವಿನಲ್ಲಿ ಓದುತ್ತಿದ್ದರು. ಪಕ್ಕದಲ್ಲಿ ನಿಂತ ಇನ್ನೊಬ್ಬರು ಅದನ್ನು ಮನೆಮಾತಾದ ಅರಾಮಿಕ್‌ಗೆ ಬಾಯಲ್ಲೇ ಅನುವಾದಿಸಿ ಹೇಳುತ್ತಿದ್ದರು. ಕೆಲವು ಭಾಗಗಳಿಗೆ ಮಾತ್ರ ಒಂದು ನಿಯಮವಿತ್ತು: ಓದಬೇಕು, ಅನುವಾದಿಸಬಾರದು. ದಾವೀದ ಮತ್ತು ಸೈನಿಕನ ಹೆಂಡತಿಯ ಪ್ರಸಂಗವನ್ನು ಓದಲೇಬಾರದು ಎಂದವರೂ ಇದ್ದರಂತೆ. "ನಾವು ಓದಿ ಸುಮ್ಮನಾಗೋಣ" ಎಂದರು ಅದೀನಾ. ದಾವೀದನ ಪ್ಯಾನೆಲ್ ಪಕ್ಕ ಹಳೆಯ ಫೋನಿನಂಥ ಒಂದು ರಿಸೀವರ್ ಇಟ್ಟೆವು. ಕಿವಿಗೆ ಹಿಡಿದರೆ ಹೀಬ್ರೂವಿನ ಒಂದು ಸಾಲು, ಇಂಗ್ಲಿಷಿನ ಒಂದು ಸಾಲು. ಆ ಪ್ರಸಂಗ ಬಂದಾಗ ಹೀಬ್ರೂ ಮಾತ್ರ, ಆಮೇಲೆ ಅನುವಾದಕ ಮಾತಾಡಬೇಕಾದ ಹೊತ್ತಿನಷ್ಟು ಉದ್ದದ ಮೌನ.

ಈ ಮೌನದ ವಿಷಯ ಬಸಣ್ಣನಿಗೆ ಯಾರೂ ಹೇಳಿರಲಿಲ್ಲ. ಉದ್ಘಾಟನೆಗೆ ಸ್ವಲ್ಪ ಮುಂಚೆ ಪರೀಕ್ಷೆ ಮಾಡಲು ಕಿವಿಗಿಟ್ಟುಕೊಂಡರು. ಒಂದು ಹೀಬ್ರೂ ಸಾಲಿನ ಮೇಲೆ ಎಲ್ಲ ನಿಂತುಹೋಯಿತು. ಸದ್ದಿಲ್ಲ. ವೈರ್ ಅಲುಗಾಡಿಸಿದರು. ಸದ್ದಿಲ್ಲ. ಮರ್ಯಾದೆ ಉಳಿಸಲೆಂದು ತಮ್ಮ ಲ್ಯಾಪ್‌ಟಾಪಿನಲ್ಲಿದ್ದ ನಾದಸ್ವರದ ತುಣುಕೊಂದನ್ನು ಆ ಖಾಲಿ ಜಾಗಕ್ಕೆ ತುಂಬಿದರು. ಆ ತುಣುಕು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ರೆಕಾರ್ಡ್ ಮಾಡಿದ್ದು. ನಾದಸ್ವರ ಮುಗಿದ ಮೇಲೆ ಏನಿದೆ ಎಂದು ಅವರು ಕೇಳಿ ನೋಡಲಿಲ್ಲ.

ಸಮುದಾಯದ ಹಿರಿಯ ಧರ್ಮಗುರುಗಳೊಬ್ಬರು ಮೊದಲು ರಿಸೀವರ್ ಎತ್ತಿದರು. ಗಂಭೀರವಾಗಿ ತಲೆಯಾಡಿಸಿದರು. ಹುಬ್ಬೇರಿಸಿದರು. ಇನ್ನೂ ಏರಿಸಿದರು. ಕೊನೆಗೆ ಅದೀನಾರನ್ನು ಕರೆದು, "ಇದು ಅರಾಮಿಕ್ಕಾ? ಬಹಳ ಹಳೆಯ ಉಚ್ಚಾರಣೆ ಇದ್ದಂತಿದೆ" ಎಂದರು.

ಅದೀನಾ ಕೇಳಿಸಿಕೊಂಡು ನನ್ನ ಕೈಗೆ ಕೊಟ್ಟರು. ದಾವೀದ ಮಾಳಿಗೆಯ ಮೇಲಿಂದ ಸ್ನಾನ ಮಾಡುವ ಹೆಂಗಸನ್ನು ಕಂಡ ಸಾಲು ಮುಗಿದ ಕೂಡಲೇ ಮಂಗಳವಾದ್ಯ, ಅದರ ಹಿಂದೆಯೇ ಮೈಕಿನಲ್ಲಿ ಬಸಣ್ಣನ ದನಿ: "ಊಟದ ಕೂಪನ್ ಇಲ್ಲದವ್ರು ದಯವಿಟ್ಟು ಲೈನ್ ಬಿಟ್ಟು ಈ ಕಡೆ ನಿಲ್ರಿ. ಹೋಳಿಗಿ ಒಬ್ಬರಿಗೆ ಒಂದ ಅಷ್ಟ!"

ಅರ್ಥ ಹೇಳು ಎಂದು ಅದೀನಾ ಪೀಡಿಸಿದರು. ಹೇಳಿದೆ. ಅವರು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಧರ್ಮಗುರುಗಳಿಗೆ ಏನು ಉತ್ತರ ಕೊಟ್ಟರೋ ನಾನು ಕೇಳಿಸಿಕೊಳ್ಳಲಿಲ್ಲ. ಬಸಣ್ಣ ಮಾತ್ರ ಪೆಚ್ಚಾಗಿ, "ಸುಮ್ನ ಇರೂದಕ್ಕೂ ಒಂದ ಕಾಯ್ದೆ ಐತಿ ಅಂತ ನನಗೆ ಹ್ಯಾಂಗ್ ಗೊತ್ತಾಗಬೇಕ್ರಿ?" ಎಂದರು. ಮಾರನೆಯ ದಿನ ಮೌನವನ್ನು ವಾಪಸು ಹಾಕಿದೆವು. ಪಕ್ಕದಲ್ಲಿ ಒಂದು ಚಿಕ್ಕ ಲೇಬಲ್ ಬರೆದೆ: ಉಪಕರಣ ಕೆಟ್ಟಿಲ್ಲ, ಅನುವಾದಕ ಬೇಕೆಂದೇ ಸುಮ್ಮನಿದ್ದಾನೆ. ಇಡೀ ಪ್ರದರ್ಶನದಲ್ಲಿ ಜನ ಪೂರ್ತಿ ಓದಿದ್ದು ಅದೊಂದನ್ನೇ ಎಂದು ನನ್ನ ಗುಮಾನಿ.

ಹೊಸಬರಿಗೆ ಒಂದು ಮಾತು. ನಾವು ಶುರುಮಾಡಿದಾಗ ಪ್ಯಾನೆಲ್‌ಗಳು ಮರದ ಹಲಗೆಯವು, ಹೊರಲು ನಾಲ್ಕು ಜನ ಬೇಕು. ಆಮೇಲೆ ಬೆಂಡಿನಂಥ ಹಗುರ ಬೋರ್ಡು ಬಂತು, ಇಬ್ಬರು ಸಾಕು. ಟೆಕ್ಸಸ್ಸಿನ ಬೇಸಿಗೆಯಲ್ಲಿ ಮುಚ್ಚಿದ ಟ್ರಕ್ಕಿನೊಳಗೆ ಅದು ಏನಾಗುತ್ತದೆ ಎಂದು ಮಾರಿದವರು ಹೇಳಿರಲಿಲ್ಲ. ಹೂಸ್ಟನ್ನಿನ ಸಭಾಂಗಣದ ಹಿಂದೆ ಟ್ರಕ್ಕಿನ ಬಾಗಿಲು ತೆಗೆದಾಗ ಮೇಲುಗಡೆ ಇಟ್ಟಿದ್ದ ಪ್ಯಾನೆಲ್ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಮನಸ್ಸೆಯದು. ಎಲ್ಲ ಬಿಟ್ಟು ಮನಸ್ಸೆಯದೇ ಹಾಳಾಯಿತೇ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ದಾವೀದನದೂ ಸ್ವಲ್ಪ ಬಾಗಿತ್ತು ಎಂದು ಕಾಣುತ್ತದೆ; ಕಥೆ ಚೆಂದವಾಗಲೆಂದು ನನ್ನ ನೆನಪು ಅವನನ್ನು ನೆಟ್ಟಗೆ ಮಾಡಿರಬೇಕು.

ಉದ್ಘಾಟನೆ ಮಾರನೆಯ ದಿನ. ಅಷ್ಟು ದೊಡ್ಡ ಅಳತೆಯಲ್ಲಿ ಕೂಡಲೇ ಪ್ರಿಂಟ್ ಹಾಕಿಕೊಡುವವರು ಯಾರೂ ಸಿಗಲಿಲ್ಲ. ಫೋನ್ ಮಾಡಿದ ಅಂಗಡಿಯವರೊಬ್ಬರು, ನಗರದ ಇನ್ನೊಂದು ತುದಿಯಲ್ಲಿ ಅಷ್ಟಗಲದ ಮಷೀನ್ ಇದೆ, ಭಾರತದವರದು ಎಂದು ವಿಳಾಸ ಕೊಟ್ಟರು. ಬಸಣ್ಣ ವಿಳಾಸ ನೋಡಿ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತರು.

"ಮೇಡಂ, ಆ ಮಷೀನ್ ನಂದು."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ. ನಿಮ್ಮ ಮಷೀನಲ್ಲೇ ಪ್ರಿಂಟ್ ಆಗತ್ತೆ."

"ನಾ ಬರೂದಿಲ್ಲ."

"ಪ್ಯಾನೆಲ್ ಇಲ್ಲದೆ ಅದೀನಾಗೆ ಏನು ಹೇಳ್ತೀರಿ?"

"ಅಂವಾ ಕೆಟ್ಟವ ಆಗಿದ್ದ, ಸತ್ತ ಅಂತ ಹೇಳ್ರಿ."

ಕೊನೆಗೆ ಬಂದರು. ಅಂಗಡಿಯ ಎದುರು ಟ್ರಕ್ ನಿಲ್ಲಿಸಿ, ಇಳಿಯದೆ, ಎ.ಸಿ. ಹಾಕಿಕೊಂಡು ಕೂತರು. ನಾನೊಬ್ಬಳೇ ಒಳಗೆ ಹೋದೆ. ಬಾಗಿಲ ಮೇಲಿನ ಹೆಸರಿನಲ್ಲೂ 'ಬ್ರದರ್ಸ್' ಎಂದಿತ್ತು.

ಈರಣ್ಣನವರು ಬಸಣ್ಣನ ಹಾಗೆಯೇ ಇದ್ದರು, ದನಿ ಮಾತ್ರ ಸಣ್ಣದು. ನಾನು ಯಾರೆಂದು ಹೇಳಿದೆ. ಅವರು ಕಿಟಕಿಯಿಂದ ಟ್ರಕ್ಕಿನ ಕಡೆ ನೋಡಿದರು. ಕೆಲಸಕ್ಕೆ ಕೈಹಾಕಿದರು. ಪ್ರಿಂಟಿಗೆ ಹಾಕುವ ಮುನ್ನ ಬರಹವನ್ನು ಪರದೆಯ ಮೇಲೆ ಪೂರ್ತಿ ಓದಿದರು. ಒಂದು ಬದಿ, ಆಮೇಲೆ ಇನ್ನೊಂದು ಬದಿ.

"ಹೌದೇನ್ರಿ, ಇಂವ ಬೇಡಿಕೊಂಡ್ನ?"

"ಒಂದು ಕಡೆ ಹಾಗಂತ ಇದೆ. ಇನ್ನೊಂದು ಕಡೆ ಇಲ್ಲ."

"ಏನಂತ ಬೇಡಿಕೊಂಡ?"

"ಅದನ್ನ ಅಲ್ಲಿ ಬರೆದಿಲ್ಲ. ಬೇಡಿಕೊಂಡ ಅಂತಷ್ಟೇ ಇದೆ. ಎಷ್ಟೋ ಕಾಲ ಆದಮೇಲೆ ಯಾರೋ ಆ ಪ್ರಾರ್ಥನೆಯ ಮಾತನ್ನೂ ಬರೆದರಂತೆ."

ಈರಣ್ಣ ನಕ್ಕರು. "ಪಾಪ, ಮಂದಿಗೆ ಬೇಕಾಗಿತ್ತು ನೋಡ್ರಿ."

ಮಷೀನು ಗರಗರ ಎಂದು ಶುರುವಾಯಿತು. ಅದರ ಸದ್ದಿನಲ್ಲಿ ಅವರು ತಾವಾಗಿಯೇ ಹೇಳಿದರು. "ಕದ್ದು ಬಂದೆ ಅಂತ ಹೇಳ್ಯಾನಲ್ಲ? ಆವತ್ತು ಮುಂಜಾನೆ ಇಬ್ಬರಿಗೂ ಜಗಳ ಆತು. ಹೋಗೂದಿದ್ರ ಹೋಗು, ಮಷೀನ್ ಸೈತ ಒಯ್ಯಿ ಅಂದ. ಒಯ್ಯಿ ಅಂದ, ಒಯ್ದೆ."

"ಸಿಟ್ಟಲ್ಲಿ ಅಂದಿರಬೇಕು."

"ನಾನೂ ಸಿಟ್ನಾಗನ ಒಯ್ದೆ."

ಬಸಣ್ಣನ ಕಥೆಯಲ್ಲಿ ಈ ವಾಕ್ಯ ಇರಲಿಲ್ಲ. ಈರಣ್ಣನ ಕಥೆಯಲ್ಲಿ ದೇವಸ್ಥಾನವೂ ಪ್ರಸಾದವೂ ಇರಲಿಲ್ಲ. ಇಬ್ಬರ ಕಥೆಯಲ್ಲೂ ಇದ್ದದ್ದು ಮಷೀನು ಮಾತ್ರ, ಅದು ನನ್ನ ಎದುರಿಗೆ ಸುಖವಾಗಿ ಪ್ರಿಂಟ್ ಹಾಕುತ್ತಿತ್ತು.

ಪ್ಯಾನೆಲ್ ಎತ್ತಲು ಇಬ್ಬರು ಬೇಕು. ಒಂದು ತುದಿ ನಾನು ಹಿಡಿಯಲು ಹೋದೆ. "ನಿಮ್ಮ ಕೈಲಿ ಆಗೂದಿಲ್ಲ ಅಕ್ಕಾರ" ಎಂದು ಈರಣ್ಣ ತಾವೇ ಒಂದು ತುದಿ ಎತ್ತಿ ಬಾಗಿಲಿನ ತನಕ ಎಳೆದು ತಂದು ನಿಂತರು. ಟ್ರಕ್ಕಿನ ಬಾಗಿಲು ತೆಗೆದದ್ದು ಕೇಳಿಸಿತು. ಬಸಣ್ಣ ಇಳಿದು ಬಂದರು. ಅಣ್ಣನ ಮುಖ ನೋಡದೆ ಇನ್ನೊಂದು ತುದಿ ಹಿಡಿದರು.

"ಮ್ಯಾಲೆ."

"ಎತ್ತೀನಲ್ಲ."

"ಇನ್ನೂ ಮ್ಯಾಲೆ."

"ನೀ ಕೆಳಗ ಹಿಡದೀ ನೋಡು."

ವರ್ಷಗಳ ಮೇಲೆ ಅಣ್ಣತಮ್ಮ ಆಡಿದ ಮೊದಲ ಮಾತುಗಳು ಇವು. ಇವನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಈರಣ್ಣ ಯಾರೂ ಕರೆಯದೆಯೇ ತಮ್ಮ ಕಾರಿನಲ್ಲಿ ನಮ್ಮ ಹಿಂದೆ ಸಭಾಂಗಣಕ್ಕೆ ಬಂದರು. ಗೋಡೆಗೆ ನಿಲ್ಲಿಸುವಾಗ, "ಸೊಟ್ಟ ಐತಿ" ಎಂದು ಒಬ್ಬರು, "ಗೋಡಿನ ಸೊಟ್ಟ ಐತಿ" ಎಂದು ಇನ್ನೊಬ್ಬರು. ಅವರ ಜಗಳ ಕೇಳಿ ಅದೀನಾ ಒಳಗಿಂದ ಬಂದರು.

"ಯಾರಿವರು?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಬ್ರದರ್ಸ್."

ಅವರು ಇಬ್ಬರನ್ನೂ ನೋಡಿ, ಪ್ಯಾನೆಲ್ ನೋಡಿ, ನನ್ನನ್ನು ನೋಡಿದರು. "ನಾವು ಏನಾದ್ರೂ ತಿನ್ನೋಕೆ ತರೋಣ ಬಾ" ಎಂದು ನನ್ನನ್ನು ಎಳೆದುಕೊಂಡು ಹೋದರು. ರಸ್ತೆಯಾಚೆ ಮೆಕ್ಸಿಕನ್ನರ ಮಡಿಚಿದ ರೊಟ್ಟಿ ಮಾರುವ ಒಂದು ಟ್ಯಾಕೋ ಗಾಡಿ ಇತ್ತು. ಸಾಲು ಉದ್ದವಿತ್ತು. ನಾನು ಎರಡು ಸಲ ಹಿಂತಿರುಗಿ ನೋಡಿದೆ. ಗಾಜಿನ ಬಾಗಿಲಲ್ಲಿ ರಸ್ತೆಯ ಬಿಸಿಲು ಬಿಟ್ಟರೆ ಬೇರೇನೂ ಕಾಣಲಿಲ್ಲ.

ವಾಪಸು ಬಂದಾಗ ಪ್ಯಾನೆಲ್ ಗೋಡೆಯ ಮೇಲಿತ್ತು, ನೆಟ್ಟಗೆ. ಅಣ್ಣತಮ್ಮ ಖಾಲಿ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಕೂತಿದ್ದರು. ಈರಣ್ಣ ತಮ್ಮ ಚೀಲದಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದು ಎಲ್ಲರ ಟ್ಯಾಕೋ ಮೇಲೂ ಉದುರಿಸಿದರು. ಅದೀನಾ ಎರಡನೆಯ ಸಲ ಹಾಕಿಸಿಕೊಂಡರು. ಬಸಣ್ಣನ ಕಣ್ಣು ಕೆಂಪಗಿತ್ತು. ಆದರೆ ಚಟ್ನಿಪುಡಿ ಖಾರವಿತ್ತು, ನನ್ನ ಕಣ್ಣೂ ಕೆಂಪಗಾಗಿತ್ತು.

ಆಸ್ಟಿನ್‌ಗೆ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಬಂದರು, ಎ.ಸಿ. ಎಷ್ಟಿರಬೇಕು ಎಂದು ದಾರಿಯುದ್ದಕ್ಕೂ ಕಚ್ಚಾಡುತ್ತ. ಅಲ್ಲಿ ಗೋಡೆ ಚಿಕ್ಕದಿತ್ತು, ಕೆಲವು ಪ್ಯಾನೆಲ್‌ಗಳನ್ನು ಮತ್ತೆ ಸಣ್ಣದಾಗಿ ಮಾಡಬೇಕಾಯಿತು. ಬಸಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಮನಸ್ಸೆ ಪ್ಯಾನೆಲ್ಲಿಂದ ಆ ಮೊದಲನೇದು ತಗದುಬಿಡ್ರಿ. ಎರಡನೇದು ಒಂದ ಸಾಕು."

"ಡಲ್ಲಾಸಲ್ಲಿ ಎರಡನೇದನ್ನ ತೆಗೀರಿ ಅಂದಿದ್ರಿ."

"ಆವಾಗ ಗೋಡಿ ದೊಡ್ಡದಿತ್ತು."

ಅದೀನಾಗೆ ಹೇಳಿದೆ. ಅವರು ಕೂದಲಿನಿಂದ ಪೆನ್ಸಿಲ್ ತೆಗೆದು, ಒಂದು ಕ್ಷಣ ಯೋಚಿಸಿ, ಬಸಣ್ಣನ ಬಳಿಯೇ ಹೋದರು. "ಬಸಣ್ಣ, ಅವನು ಏನು ಮಾಡಿದ್ದ ಅನ್ನೋದನ್ನ ಅಳಿಸಿದರೆ, ಯಾತಕ್ಕೆ ಬೇಡಿಕೊಂಡ ಅಂತ ಓದೋರಿಗೆ ಹೇಗೆ ಗೊತ್ತಾಗಬೇಕು?" ಮನಸ್ಸೆಗೆ ಪರಲೋಕದಲ್ಲಿ ಜಾಗ ಇದೆಯೋ ಇಲ್ಲವೋ ಎಂದು ಅವರ ಹಿಂದಿನ ಪಂಡಿತರೇ ವಾದ ಮಾಡಿಕೊಂಡಿದ್ದರಂತೆ. ಇಲ್ಲ ಎಂದವರ ಮಾತನ್ನೂ, ಇದೆ ಎಂದವರ ಮಾತನ್ನೂ ಇಟ್ಟುಕೊಂಡಿದ್ದಾರಂತೆ. ಬಸಣ್ಣ ತಲೆ ಕೆರೆದುಕೊಂಡು, "ಎಲ್ಲಾ ಇಟ್ಕೋತೀರಿ ನೀವು. ಮನ್ಯಾಗ ಜಾಗಾ ಸಾಲ್ತೈತೇನ್ರಿ?" ಎಂದರು. ಎರಡೂ ಉಳಿದವು. ಈ ಸಲ ಅಕ್ಷರಗಳನ್ನು ನಾನೇ ಅಳತೆ ಮಾಡಿಸಿದೆ, ಸಮ ಇದ್ದವು.

ಪ್ರದರ್ಶನ ಮುಗಿದು ಇರ್ವಿಂಗ್‌ಗೆ ಬಂದ ಮೇಲೆ ವರ್ಕ್‌ಶಾಪಿನ ನೆಲದಲ್ಲಿ ಬೋಲ್ಟುಗಳು ಇರಲಿಲ್ಲ. ಯಾರು ತೆಗೆದರು ಎಂದು ಕೇಳಿದೆ. ಎಲ್ಲರಿಗೂ ಏನೋ ಕೆಲಸ ನೆನಪಾಯಿತು.

ನಾನು ನಿವೃತ್ತಳಾದ ವರ್ಷ ಬಸಣ್ಣ ಆಸ್ಟಿನ್ ಬಳಿಯ ಲಿಯಾಂಡರ್‌ನಲ್ಲಿ ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಿದ್ದರು. ಊಟವಾದ ಮೇಲೆ ಹತ್ತಾರು ಜನ ಸುತ್ತ ಕೂತಿದ್ದಾಗ ಹೂಸ್ಟನ್ನಿನ ಕಥೆ ಶುರುಮಾಡಿದರು. ಹಪ್ಪಳದಂಥ ಪ್ಯಾನೆಲ್, ಮಷೀನು, ಟ್ರಕ್ಕಿನ ಎ.ಸಿ. ಎಲ್ಲ ಬಂದವು. ಆಮೇಲೆ ನಾನು ಎಂದೂ ಕೇಳಿರದ ಭಾಗ ಬಂತು.

"ಮೇಡಂ ಟ್ಯಾಕೋ ತರಾಕ ಹೋಗಿದ್ರು. ಅಣ್ಣ ನನ್ನ ಕೈ ಹಿಡದ. ತಮ್ಮಾ, ನಂದು ತಪ್ಪಾತು, ನೀ ಗುಡಿಗೆ ಹೋದಾಗ ನಾ ಹಂಗ ಮಾಡಬಾರದಿತ್ತು, ದೇವರ ಮುಂದ ಹೇಳಾಕತ್ತೀನಿ ಅಂತ ಅಂದ. ನಾನೂ ಅತ್ತಬಿಟ್ಟೆ."

ಹೆಂಗಸರು ಕಣ್ಣೊರೆಸಿಕೊಂಡರು. ಬಸಣ್ಣನ ಮೊಮ್ಮಗಳು ಇಂಗ್ಲಿಷ್ ಬೆರೆಸಿ, "ಅಜ್ಜಾ, ಲಾಸ್ಟ್ ಟೈಮ್ ನೀವೇ ಮೊದಲು ಸಾರಿ ಹೇಳಿದ್ರಿ ಅಂದಿದ್ರಲ್ಲ" ಎಂದಳು. ಬಸಣ್ಣ, "ಅದೂ ಆಗೇತಿ, ಇದೂ ಆಗೇತಿ" ಎಂದರು.

ಈರಣ್ಣ ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದರು. ಬಸಣ್ಣ ಮಾತು ಮುಗಿಸಿದ ಮೇಲೆ ಅಣ್ಣ ಮಾತಾಡಬೇಕಾದ ಹೊತ್ತಿನಷ್ಟು ಉದ್ದದ ಒಂದು ಮೌನ ಇತ್ತು. ಉಪಕರಣ ಕೆಟ್ಟಿರಲಿಲ್ಲ.

ಹೊರಡುವಾಗ ಕಾರಿನ ಹತ್ತಿರ ಅವರನ್ನು ಹಿಡಿದೆ. "ಈರಣ್ಣನವರೇ, ನಿಜವಾಗಿ ಹಾಗಂದ್ರಾ?"

ಅವರು ಕಾರಿನ ಬಾಗಿಲು ತೆಗೆದು ನನ್ನ ಚೀಲ ಒಳಗಿಟ್ಟರು. "ಅಂವಾ ಹೇಳಿದ್ನಲ್ರಿ ಅಕ್ಕಾರ" ಎಂದರು. ನಗುತ್ತಿದ್ದರೋ ಏನೋ, ಬಿಸಿಲು ಅವರ ಹಿಂದೆ ಇತ್ತು.

ನಾನು ಟ್ಯಾಕೋ ಗಾಡಿಯ ಸಾಲಿನಲ್ಲಿದ್ದೆ. ಆ ಹೊತ್ತಿನಲ್ಲಿ ಒಳಗೆ ಯಾರು ಯಾರ ಕೈ ಹಿಡಿದರು, ಯಾರು ಏನಂದರು, ಅಥವಾ ಯಾರೂ ಏನೂ ಅನ್ನದೆ ಇಬ್ಬರೂ ಸೇರಿ ಪ್ಯಾನೆಲ್ ನೆಟ್ಟಗೆ ಮಾಡಿದರೋ, ನನಗೆ ಗೊತ್ತಿಲ್ಲ.